ಸಂಜೆ ಕಾಳು ಎತ್ತಿಡುವ ಮಾತು

ಹುತ್ತರಿ ಕಳೆದು ಕುಯ್ಲು ಮುಗಿದ ಮೇಲೆ ಕೊಡಗಿನಲ್ಲಿ ಇಲಿಗಳು ಜಾಗ ಬದಲಿಸುತ್ತವೆ. ಗದ್ದೆಯಲ್ಲಿ ತೆನೆ ಇರುವಷ್ಟು ದಿನ ಅವಕ್ಕೆ ಅಲ್ಲೇ ಹೊಟ್ಟೆ ತುಂಬುತ್ತದೆ. ಬದುವಿನಲ್ಲಿ ಬಿಲ, ಎದುರಿಗೇ ಭತ್ತ. ಕುಯ್ಲಾಗಿ ಹೊರೆ ಕಣಕ್ಕೆ ಬಂತು, ಹುಲ್ಲಿನ ಮೆದೆ ಅಂಗಳದ ಮೂಲೆಯಲ್ಲಿ ಎದ್ದಿತು ಅಂದರೆ ಗದ್ದೆ ಬೋಳು. ಆಗ ಹುಲ್ಲಿನ ಹಿಂದೆಯೇ ಅವೂ ಮನೆಯ ಕಡೆ ಬರುತ್ತವೆ. ಮನೆಯ ಹತ್ತಿರ ಅವಕ್ಕೆ ಮೊದಲು ಸಿಗುವುದು ಕೋಳಿ ಗೂಡು.

ಇನ್ನೊಂದು ಸಲ ಬರುವುದು ಮುಂಗಾರು ಹಿಡಿದಾಗ. ಜೂನ್ ತಿಂಗಳಲ್ಲಿ ಮಳೆ ಬಿಡದೆ ಹೊಡೆದರೆ ತಗ್ಗಿನ ಬಿಲಗಳಿಗೆ ನೀರು ನುಗ್ಗುತ್ತದೆ. ಇಲಿಗೆ ಒಣ ನೆಲ ಬೇಕು. ಕೊಟ್ಟಿಗೆ, ಸೌದೆ ಶೆಡ್ಡು, ಗೂಡಿನ ಅಡಿ, ಎಲ್ಲಿ ಸಿಕ್ಕರೂ ಸರಿ. ಅದೇ ಹೊತ್ತಿಗೆ ತೋಟದಲ್ಲಿ ಹಲಸು ಹಣ್ಣಾಗಿ ಮರದಡಿ ಬಿದ್ದು ಕೊಳೆಯುತ್ತಿರುತ್ತದೆ. ಊಟವೂ ಉಂಟು, ಮನೆಯೂ ಉಂಟು.

ಈ ಎರಡು ಕಾಲದಲ್ಲೂ ಸಂತೆಯಿಂದ ಬರುವ ಚೀಲದಲ್ಲಿ ಒಣಮೀನು, ಈರುಳ್ಳಿ ಜೊತೆ ಇಲಿ ಪಾಷಾಣದ ಪೊಟ್ಟಣವೂ ಇರುತ್ತದೆ. ನಮ್ಮ ಸುತ್ತಿನ ಹೆಚ್ಚಿನ ಮನೆಗಳಲ್ಲಿ ಇದೇ ರೂಢಿ. ವಿಷ ಇಟ್ಟರೆ ಕೆಲವು ದಿನ ಸದ್ದಿಲ್ಲ. ಆಮೇಲೆ ಮತ್ತೆ ಶುರು. ಹಿತ್ತಲಲ್ಲಿ ಕೋಳಿ ಸಾಕುವವರು ಈ ವಿಷಯವನ್ನು ಬೇರೆ ಕಡೆಯಿಂದ ನೋಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಒಂದು ಹಿತ್ತಲಲ್ಲಿ ಎಷ್ಟು ಇಲಿ ಇರಬೇಕು ಅಂತ ತೀರ್ಮಾನಿಸುವುದು ರಾತ್ರಿ ಗೂಡಿನಲ್ಲಿ ಉಳಿಯುವ ಕಾಳು. ಆ ಕಾಳು ಉಳಿಯದಂತೆ ನೋಡಿಕೊಳ್ಳದೆ ಬೇರೆ ಏನು ಮಾಡಿದರೂ ಅರ್ಧ ಕೆಲಸವೇ.

ಮೊದಲು, ಬಂದಿರುವುದು ಯಾವ ಇಲಿ ಅಂತ ತಿಳಿದುಕೊಳ್ಳಬೇಕು. ಮನೆ ಇಲಿ ಸಪೂರ ಮೈಯದು. ಬಾಲ ಮೈಗಿಂತ ಉದ್ದ. ಹತ್ತುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಹೆಂಚಿನ ಅಡಿ, ಅಟ್ಟ, ತೊಲೆಯ ಮೇಲೆ ಅದರ ಓಡಾಟ. ಗೂಡಿಗೂ ಮೇಲಿನಿಂದಲೇ ಇಳಿಯುತ್ತದೆ. ಹೆಗ್ಗಣದ್ದು ಬೇರೆ ದಾರಿ. ಮೈ ದಪ್ಪ, ಮೂತಿ ಮೊಂಡು, ಬಾಲ ಗಿಡ್ಡ. ಅದು ಅಗೆಯುವ ಪ್ರಾಣಿ. ಬಿಲದ ಬಾಯಲ್ಲಿ ಹೊಸ ಮಣ್ಣು ಗುಪ್ಪೆ ಬಿದ್ದಿರುತ್ತದೆ. ಗದ್ದೆಯ ಸಣ್ಣ ಜಾತಿಯ ಹೆಗ್ಗಣ ಭತ್ತದ ತೆನೆ ಕತ್ತರಿಸಿ ಬಿಲದೊಳಗೆ ಕೂಡಿಡುತ್ತದೆ. ದೊಡ್ಡ ಜಾತಿಯದು ಒಂದು ಕಿಲೋ ತೂಗುವುದೂ ಉಂಟು. ಇವೆರಡೂ ಅಲ್ಲದೆ ಚಿಟ್ಟಿಲಿ ಇದೆ. ಅದು ಸಣ್ಣದು, ಎಲ್ಲಿ ಬೇಕಾದರೂ ತೂರುತ್ತದೆ. ರಾತ್ರಿ ಗೋಡೆಯ ಬುಡದಲ್ಲಿ ಚೀಂ ಚೀಂ ಅನ್ನುತ್ತಾ ನಾತ ಬಿಟ್ಟು ಓಡುವ ಸೊಂಡಿಲಿ ಇಲಿಯ ಜಾತಿಯೇ ಅಲ್ಲ. ಅದರ ಊಟ ಹೆಚ್ಚಾಗಿ ಜಿರಳೆ, ಹುಳಹುಪ್ಪಟೆ. ಪಾಪ, ಇಲಿಯ ಲೆಕ್ಕದಲ್ಲಿ ಅದೂ ಹೊಡೆತ ತಿನ್ನುತ್ತದೆ.

ಯಾವುದು ಬಂದಿದೆ ಅಂತ ನೋಡಲು ನಮ್ಮ ಮನೆಯಲ್ಲಿ ಒಲೆಯ ಬೂದಿ ಬಳಸುತ್ತೇವೆ. ಕತ್ತಲಾಗುವ ಮುಂಚೆ ಗೂಡಿನ ಸುತ್ತ, ಗೋಡೆಯ ಬುಡದಲ್ಲಿ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಉದುರಿಸಬೇಕು. ಬೆಳಿಗ್ಗೆ ಕೋಳಿ ಬಿಡುವ ಮೊದಲು ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡಬೇಕು. ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನದರಲ್ಲಿ ಐದು. ನಡುವೆ ಬಾಲ ಎಳೆದ ಗೆರೆ. ಎಲ್ಲಿಂದ ಬಂದು ಎಲ್ಲಿಗೆ ಹೋಗಿದೆ ಅಂತ ಓದಿಕೊಳ್ಳಬಹುದು. ಇಲಿ ದಿನಾ ಒಂದೇ ದಾರಿಯಲ್ಲಿ, ಗೋಡೆಗೆ ಮೈ ಒತ್ತಿಕೊಂಡು ಓಡುತ್ತದೆ. ಹಳೆಯ ದಾರಿಯಾಗಿದ್ದರೆ ಗೋಡೆಯ ಮೇಲೆ ಎಣ್ಣೆ ಸವರಿದ ಹಾಗೆ ಕಪ್ಪು ಪಟ್ಟೆಯೂ ಕಾಣುತ್ತದೆ. ಬಿಲಗಳ ವಿಷಯದಲ್ಲಿ ಇನ್ನೂ ಸುಲಭ. ಸಂಜೆ ಎಲ್ಲಾ ಬಿಲದ ಬಾಯಿಗೂ ಮಣ್ಣು ಒತ್ತಿ ಮುಚ್ಚಬೇಕು. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಉಳಿದವು ಖಾಲಿ. ಗದ್ದೆಯಲ್ಲಿ ಇಲಿ ಹಿಡಿಯುವವರು ಮಾಡುವುದೂ ಇದನ್ನೇ, ಕೃಷಿ ಇಲಾಖೆಯವರು ಹೇಳುವುದೂ ಇದನ್ನೇ.

ಈಗ ಕಾಳಿನ ಲೆಕ್ಕಕ್ಕೆ ಬರೋಣ. ಬೆಳೆದ ಇಲಿಯೊಂದು ದಿನಕ್ಕೆ 15ರಿಂದ 25 ಗ್ರಾಂ ಕಾಳು ತಿನ್ನುತ್ತದೆ. ಮೊಟ್ಟೆ ಇಡುವ ಕೋಳಿ ತಿನ್ನುವುದು 100ರಿಂದ 120 ಗ್ರಾಂ. ಅಂದರೆ ಐದಾರು ಇಲಿ ಇದ್ದರೆ ನೀವು ಸಾಕದ ಒಂದು ಕೋಳಿಗೆ ದಿನಾ ಮೇವು ಹಾಕುತ್ತಿದ್ದೀರಿ. ತಿಂದದ್ದಕ್ಕಿಂತ ಹಾಳು ಮಾಡಿದ್ದೇ ಜಾಸ್ತಿ. ಒಂದು ಇಲಿ ದಿನಕ್ಕೆ ನಲವತ್ತು ಐವತ್ತು ಹಿಕ್ಕೆ ಹಾಕುತ್ತದೆ. ಅದೆಲ್ಲ ನುಚ್ಚು, ತೌಡಿನ ಮೇಲೇ ಬೀಳುತ್ತದೆ. ಓಡಾಡುತ್ತಲೇ ಉಚ್ಚೆಯನ್ನೂ ಹನಿಸುತ್ತದೆ. ಬೆಳಿಗ್ಗೆ ಅದೇ ಕಾಳನ್ನು ಕೋಳಿ ತಿನ್ನುತ್ತದೆ.

ಹೊಟ್ಟೆ ತುಂಬಿದ ಇಲಿ ಮರಿ ಹಾಕುತ್ತದೆ. ಗರ್ಭ ಮೂರು ವಾರ, 21ರಿಂದ 23 ದಿನ. ಒಂದು ಸೂಲಿಗೆ ಆರೆಂಟು ಮರಿ. ಆ ಮರಿ ಮೂರು ತಿಂಗಳಿಗೆ ತಾನೇ ಮರಿ ಹಾಕುವಷ್ಟು ಬೆಳೆದಿರುತ್ತದೆ. ಊಟ ಮತ್ತು ಅಡಗಲು ಜಾಗ ಸಿಗುವವರೆಗೆ ಈ ಲೆಕ್ಕ ನಿಲ್ಲುವುದಿಲ್ಲ. ಊಟ ಹೇಗಿದ್ದದ್ದು ಹಾಗೇ ಇದ್ದು ನೀವು ಅರ್ಧ ಇಲಿಗಳನ್ನು ಕೊಂದಿರಿ ಅಂತಿಟ್ಟುಕೊಳ್ಳಿ. ಉಳಿದ ಅರ್ಧಕ್ಕೆ ಎರಡು ಪಾಲು ಊಟ. ಹುಟ್ಟಿದ ಮರಿ ಹೆಚ್ಚು ಬದುಕುತ್ತದೆ, ಪಕ್ಕದ ತೋಟದಿಂದಲೂ ಒಂದೆರಡು ಬಂದು ಸೇರುತ್ತವೆ. ಪಾಷಾಣ ಇಟ್ಟವರ ಮನೆಯಲ್ಲಿ ಆಗುವುದು ಇದೇ.

ಊಟ ಹೆಚ್ಚಾದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಮಿಜೋರಾಂ ಕಡೆ ನೋಡಬೇಕು. ಅಲ್ಲಿನ ಬೆಟ್ಟಗಳಲ್ಲಿ ಒಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಡುತ್ತದೆ. ಕಾಯಿ ಲೆಕ್ಕವಿಲ್ಲದಷ್ಟು ಉದುರುತ್ತದೆ. ಅದನ್ನು ತಿಂದು ಇಲಿಗಳು ಮಿತಿ ಮೀರಿ ಹೆಚ್ಚುತ್ತವೆ. ಕಾಯಿ ಮುಗಿದ ಮೇಲೆ ಭತ್ತದ ಹೊಲಕ್ಕೆ ನುಗ್ಗುತ್ತವೆ. 1959ರಲ್ಲಿ ಇದರಿಂದ ಅಲ್ಲಿ ದೊಡ್ಡ ಬರಗಾಲವೇ ಬಂತು. ಜನರಿಗೆ ಅನ್ನ ತಲುಪಿಸಲು ಆಗ ಕಟ್ಟಿದ ಸಂಘ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಎಂಬ ರಾಜಕೀಯ ಪಕ್ಷವಾಯಿತು. 2007ರ ಸುಮಾರಿಗೆ ಬಿದಿರು ಮತ್ತೆ ಹೂ ಬಿಟ್ಟಾಗಲೂ ಹೊಲಗಳು ಹೋದವು. ನಮ್ಮಲ್ಲಿಯೂ ಬಿದಿರು ಹೂ ಬಿಟ್ಟರೆ ಬರ ಬರುತ್ತದೆ ಅಂತ ಹಳಬರು ಹೇಳುತ್ತಾರೆ, ಅಲ್ವಾ? ಬಿದಿರಕ್ಕಿ ಆರಿಸಲು ಹೋದವರು ಇಲಿಯನ್ನೂ ಕಂಡೇ ಹೇಳಿರಬೇಕು. ಅಲ್ಲಿ ಇಡೀ ಬೆಟ್ಟದಲ್ಲಿ ನಡೆದದ್ದು ಇಲ್ಲಿ ಒಂದು ಗೂಡಿನ ಸುತ್ತ ಸಣ್ಣದಾಗಿ ನಡೆಯುತ್ತದೆ.

ಹಾಗಾದರೆ ಮಾಡುವುದೇನು? ನಮ್ಮ ಅತ್ತೆ ಕೋಳಿಗೆ ಮೇವು ಹಾಕುವುದನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಬಿಸಿಲು ಇಳಿಯುವಾಗ ಒಂದು ಸಲ. ಅಗಲವಾದ ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾತ್ರ ಹಾಕುತ್ತಾರೆ. ಒಂದೇ ಸಲ ಸುರಿಯುವುದಿಲ್ಲ. ಒಂದು ಹಿಡಿ ಹಾಕುತ್ತಾರೆ, ನಿಲ್ಲುತ್ತಾರೆ, ಹುಂಜ ತಲೆ ಎತ್ತಿತೋ ನೋಡುತ್ತಾರೆ. ಕೋಳಿಗಳು ತಟ್ಟೆಯ ಸುತ್ತ ನೂಕಾಡುವುದು ನಿಂತು ಒಂದೊಂದೇ ಆಚೆ ಹೋಗತೊಡಗಿದರೆ ಸಾಕು ಅಂತ ಅರ್ಥ. ಅಲ್ಲಿಗೆ ಕೈ ನಿಲ್ಲುತ್ತದೆ. ತಟ್ಟೆಯಲ್ಲಿ ಉಳಿದದ್ದನ್ನು ಡಬ್ಬಕ್ಕೆ ಮರಳಿ ಸುರಿದು, ತಟ್ಟೆಯನ್ನು ತೊಳೆದು ಕವುಚಿ ಹಾಕುತ್ತಾರೆ. "ಕೋಳಿಗೆ ರಾತ್ರಿ ಕಣ್ಣು ಕಾಣೋದಿಲ್ಲ ಮಗ, ರಾತ್ರಿ ಇಟ್ಟ ಕಾಳು ಯಾರಿಗೆ?" ಅಂತ ಕೇಳುತ್ತಾರೆ. ಅವರ ಮಾತು ನೇರವಾಗಿದೆ. ಕೋಳಿ ಕತ್ತಲಾದ ಮೇಲೆ ತಿನ್ನುವುದಿಲ್ಲ. ಇಲಿ ಕತ್ತಲಾದ ಮೇಲೇ ತಿನ್ನುತ್ತದೆ. ಮಧ್ಯಾಹ್ನವೇ ಇಲಿ ಗೂಡಿನ ಹತ್ತಿರ ಕಂಡರೆ, ಅವು ತುಂಬಾ ಜಾಸ್ತಿಯಾಗಿ ರಾತ್ರಿಯ ಊಟ ಸಾಲದೆ ಹೊರಗೆ ಬಂದಿವೆ ಅಂತ ತಿಳಿಯಬೇಕು.

ಕೆಲಸಕ್ಕೆ ಹೋಗುವವರು ದಿನವಿಡೀ ಮೇವು ತುಂಬಿದ ಡಬ್ಬ ತೂಗು ಹಾಕುತ್ತಾರೆ. ಅದೂ ತಪ್ಪಲ್ಲ. ಆದರೆ ಅದರ ಅಂಚು ಕೋಳಿಯ ಬೆನ್ನಿನ ಮಟ್ಟದಲ್ಲಿ ಇರಬೇಕು. ತಗ್ಗಿನಲ್ಲಿದ್ದರೆ ಕೊಕ್ಕಿನಿಂದ ಕೆದರಿ ಅರ್ಧ ಕೆಳಗೆ ಬೀಳಿಸುತ್ತವೆ. ಸಂಜೆ ಮನೆಗೆ ಬಂದ ಮೇಲೆ ಅದನ್ನೂ ಒಳಗೆ ಇಡಬೇಕು. ನುಚ್ಚು, ತೌಡು, ಜೋಳವನ್ನು ಗೋಣಿಯಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಡುವುದು ಬೇಡ. ಇಲಿಯ ಮುಂಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ಪ್ಲಾಸ್ಟಿಕ್ ಅದಕ್ಕೆ ಒಂದು ರಾತ್ರಿಯ ಕೆಲಸ. ಮುಚ್ಚಳ ಬಿಗಿಯಾದ ತಗಡಿನ ಡಬ್ಬವೇ ಬೇಕು.

ಕೋಳಿ ಮೇವು ಮಾತ್ರ ನೋಡಿದರೂ ಸಾಲದು. ನಾಯಿಗೆ ಹಾಕಿ ಅದು ಬಿಟ್ಟ ಅನ್ನ, ಹಂದಿ ಗೂಡಿನ ತೊಟ್ಟಿಯ ತಳದಲ್ಲಿ ಉಳಿದದ್ದು, ಬಚ್ಚಲ ಹಿಂದೆ ಸುರಿದ ತಂಗಳು, ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತದೆ. ಗೂಡಿನಲ್ಲಿ ಒಂದು ಕಾಳೂ ಇಲ್ಲದೆ ಹಂದಿ ತೊಟ್ಟಿ ತುಂಬಿದ್ದರೆ ಇಲಿ ಹಂದಿ ಗೂಡಿನಲ್ಲಿ ಉಂಡು ಕೋಳಿ ಗೂಡಿನಲ್ಲಿ ಮಲಗುತ್ತದೆ.

ಮರಿ ಇರುವವರಿಗೆ ಇದು ಕಾಳಿನ ನಷ್ಟಕ್ಕೆ ನಿಲ್ಲುವುದಿಲ್ಲ. ಕೋಳಿ ರಾತ್ರಿ ಕೂತಲ್ಲೇ ಕೂತಿರುತ್ತದೆ, ಕತ್ತಲಲ್ಲಿ ಏನೂ ಮಾಡಲಾರದು. ಇಲಿ ಬಂದು ಕಾಲಿನ ಬೆರಳು ಕಡಿದರೂ ಕೆಲವು ಕೋಳಿ ಅಲ್ಲಾಡುವುದಿಲ್ಲ. ಬೆಳಿಗ್ಗೆ ಕುಂಟುವುದನ್ನು ಕಂಡು ಎತ್ತಿ ನೋಡಿದರೆ ಬೆರಳ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಪುಟ್ಟ ಮರಿಗಳನ್ನು ಎಳೆದುಕೊಂಡೇ ಹೋಗುತ್ತದೆ. ತಾಯಿ ಕೋಳಿ ರೆಕ್ಕೆಯಡಿ ಇಟ್ಟುಕೊಂಡಿದ್ದರೂ ಅಂಚಿನಲ್ಲಿ ಕೂತ ಮರಿ ಸಿಕ್ಕಿಬೀಳುತ್ತದೆ. ಬಿದಿರಿನ ಕುಕ್ಕೆ ಕವುಚಿ ಹಾಕಿದರೆ ಕಾಗೆ, ಗಿಡುಗದಿಂದ ರಕ್ಷಣೆ, ಇಲಿಯಿಂದ ಇಲ್ಲ. ರಾತ್ರಿ ಹೊತ್ತು ತಾಯಿ ಮತ್ತು ಮರಿಯನ್ನು ಸಣ್ಣ ಕಣ್ಣಿನ ಜಾಲರಿ ಹೊಡೆದ ಪೆಟ್ಟಿಗೆಯಲ್ಲೇ ಇಡಬೇಕು.

ಕಳ್ಳ ಯಾರು ಅಂತ ತಪ್ಪು ತಿಳಿಯುವುದೂ ಉಂಟು. ಮುಂಗುಸಿ, ಕಾಡು ಬೆಕ್ಕು ಬಂದರೆ ದೊಡ್ಡ ಕೋಳಿ ಸತ್ತಿರುತ್ತದೆ, ಕತ್ತು, ತಲೆ ಹೋಗಿರುತ್ತದೆ, ಗರಿ ಚೆಲ್ಲಿರುತ್ತದೆ. ಹಾವು ನುಂಗಿದರೆ ಗುರುತೇ ಇಲ್ಲ. ಮೊಟ್ಟೆಯೂ ಇಡಿಯಾಗಿ ಮಾಯ. ಇಲಿಯಾದರೆ ಒಡೆದ ಚಿಪ್ಪು, ಅಲ್ಲಲ್ಲಿ ಹಿಕ್ಕೆ, ಗೂಡಿನ ಹಿಂದೆಯೋ ಹಲಗೆಯ ಅಡಿಯೋ ಅರ್ಧ ತಿಂದ ಮರಿ ಸಿಗುತ್ತದೆ. ನಾಗರಹಾವು ಗೂಡಿಗೆ ಬರುವುದು ಸಹ ಎಷ್ಟೋ ಸಲ ಇಲಿಯ ವಾಸನೆ ಹಿಡಿದು. ಇಲಿ ಕಡಿಮೆಯಾದರೆ ಮನೆಯ ಸುತ್ತ ವಿಷದ ಹಾವೂ ಕಡಿಮೆಯಾಗುತ್ತದೆ. ಮಕ್ಕಳಿರುವ ಮನೆಯವರು ಇದನ್ನು ನೆನಪಿಡಬೇಕು.

ಗೂಡಿನ ವಿಷಯ. ಹಳೆಯ ಮನೆಗಳಲ್ಲಿ ಕೋಳಿ ಗೂಡನ್ನು ಕಾಲು ಕೊಟ್ಟು ಎತ್ತರದಲ್ಲಿ ಕಟ್ಟಿ ಏಣಿ ಇಡುತ್ತಿದ್ದರು. ಅದು ಇಲಿಯನ್ನು ತಡೆಯಲೂ ಒಳ್ಳೆಯ ಉಪಾಯ. ನೆಲದಿಂದ ಎರಡು ಅಡಿ ಎತ್ತರ ಇದ್ದರೆ ಅಡಿಯಲ್ಲಿ ನಾಯಿ, ಬೆಕ್ಕು ಓಡಾಡುತ್ತವೆ, ಬೆಳಕು ಬೀಳುತ್ತದೆ, ಹೆಗ್ಗಣ ಅಲ್ಲಿ ಬಿಲ ತೋಡುವುದಿಲ್ಲ. ಅದೇ ಗೂಡನ್ನು ನಾಲ್ಕು ಇಂಚಿನ ಕಲ್ಲಿನ ಮೇಲೆ ಇಟ್ಟರೆ ಹೆಗ್ಗಣಕ್ಕೆ ಚಾವಣಿ ಮಾಡಿಕೊಟ್ಟಂತೆ. ತೆಂಗಿನ ಮರಕ್ಕೆ ಇಲಿ ಹತ್ತದ ಹಾಗೆ ತಗಡು ಸುತ್ತುತ್ತೇವಲ್ಲ, ಗೂಡಿನ ಕಾಲಿಗೂ ಅದೇ ತಗಡು ಸುತ್ತಬಹುದು. ರಾತ್ರಿ ಏಣಿ ತೆಗೆದಿಡಬೇಕು. ಮಾಡಿನ ಮೇಲೆ ಚಾಚಿದ ಸಿಲ್ವರ್ ಮರದ ಕೊಂಬೆ, ಕಾಫಿ ಗಿಡದ ರೆಕ್ಕೆ ಕತ್ತರಿಸಬೇಕು. ಮನೆ ಇಲಿ ಒಂದು ಮೀಟರಿನಷ್ಟು ದೂರ ಸಲೀಸಾಗಿ ಹಾರುತ್ತದೆ.

ಜಾಲರಿಯಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ತಲೆ ತೂರಿದರೆ ಇಲಿಯ ಮೈಯೂ ತೂರಿತು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಕೇಳಿ ತನ್ನಿ. ಚಿಟ್ಟಿಲಿಯೂ ಇದ್ದರೆ ಕಾಲು ಇಂಚಿನದು ಬೇಕು. ನೆಲದ ಗೂಡಾದರೆ ಜಾಲರಿಯನ್ನು ಒಂದು ಅಡಿ ಮಣ್ಣಿನೊಳಗೆ ಇಳಿಸಿ, ತುದಿಯನ್ನು ಹೊರಗಡೆಗೆ ಮತ್ತೊಂದು ಅಡಿ ಮಡಿಸಿ ಹೂಳಬೇಕು. ಹೆಗ್ಗಣ ಗೋಡೆಯ ಬುಡಕ್ಕೆ ಬಂದು ಅಲ್ಲೇ ಅಗೆಯುತ್ತದೆ, ಜಾಲರಿ ಅಡ್ಡ ಸಿಗುತ್ತದೆ. ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸುಲಭವಾಗಿ ಬರುವುದಿಲ್ಲ.

ಈಗ ಪಾಷಾಣದ ಮಾತು. ಇದನ್ನು ಹೇಳಲೆಂದೇ ಬರೆಯಲು ಕೂತೆ.

ನಮ್ಮ ಕಡೆ ಸಿಗುವ ವಿಷಗಳಲ್ಲಿ ಒಂದು ಕಪ್ಪು ಪುಡಿ, ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಗುಲಿದ ಕೂಡಲೇ ಅದರಿಂದ ಫಾಸ್ಫೀನ್ ಅನ್ನುವ ವಿಷ ಗಾಳಿ ಹೊರಡುತ್ತದೆ. ಬೆಳ್ಳುಳ್ಳಿಯಂಥ ವಾಸನೆ. ಇದಕ್ಕೆ ಮದ್ದಿಲ್ಲ. ಕೋಳಿ ತಿಂದರೆ ಕೋಳಿಗೂ ಇಲ್ಲ, ಮಗು ಬಾಯಿಗೆ ಹಾಕಿಕೊಂಡರೆ ಮಗುವಿಗೂ ಇಲ್ಲ. ಹಳದಿ ರಂಜಕದ ಪೇಸ್ಟ್ ಇನ್ನೊಂದು. ಟೂತ್‌ಪೇಸ್ಟಿನ ಹಾಗೆ ಟ್ಯೂಬಿನಲ್ಲಿ ಬರುತ್ತದೆ. ಮನುಷ್ಯರ ಲಿವರ್ ಸುಟ್ಟು ಹಾಕುತ್ತದೆ. ತಿಂದವರು ಒಂದೆರಡು ದಿನ ಚೆನ್ನಾಗಿದ್ದಂತೆ ಕಂಡು ಆಮೇಲೆ ಕುಸಿಯುತ್ತಾರೆ. ಇವೆರಡನ್ನೂ ಕೋಳಿ, ಮಕ್ಕಳು ಇರುವ ಅಂಗಳಕ್ಕೆ ತರಲೇಬಾರದು.

ಮೂರನೆಯದು ಬ್ರೋಮಾಡಿಯೋಲೋನ್ ಬಿಲ್ಲೆ. ಇದು ಸುರಕ್ಷಿತ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಬಿಲ್ಲೆಯಲ್ಲಿ ವಿಷ ಇರುವುದು ಶೇಕಡ 0.005 ಮಾತ್ರ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಮೈಯಲ್ಲಿ ಅದನ್ನು ಮರಳಿ ಮರಳಿ ಬಳಸುವ ಏರ್ಪಾಡನ್ನು ಈ ಮದ್ದು ನಿಲ್ಲಿಸುತ್ತದೆ. ಆದ್ದರಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಬಿಟ್ಟು ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ತಿಂದದ್ದಕ್ಕೂ ಸತ್ತದ್ದಕ್ಕೂ ನಂಟು ಕಾಣದ ಕಾರಣ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ. ಅಪಾಯ ಇರುವುದು ಆ ನಡುವಿನ ದಿನಗಳಲ್ಲಿ. ಇಲಿ ಬಿಲ್ಲೆ ತಿನ್ನುತ್ತಲೇ ಇರುತ್ತದೆ, ಮೈಯಲ್ಲಿ ವಿಷ ಕೂಡುತ್ತಲೇ ಇರುತ್ತದೆ. ಸುಸ್ತಾಗಿ ಹಗಲಿನಲ್ಲಿ ಹೊರಗೆ ಬಂದು ತೆವಳುತ್ತದೆ. ಅಂಥ ಇಲಿಯನ್ನು ಯಾರು ಹಿಡಿಯುತ್ತಾರೆ? ನಾಯಿ, ಬೆಕ್ಕು, ಕೇರೆ ಹಾವು, ಗೂಬೆ.

ನಮ್ಮ ನೆರೆಮನೆಯ ನಾಯಿಗೆ ಆದದ್ದು ಇದೇ. ತೋಟದಲ್ಲಿ ಇಲಿ ಹಿಡಿದು ತಿಂದದ್ದನ್ನು ಕೆಲಸದವರು ಕಂಡಿದ್ದರು. ಆಮೇಲೆ ಅದು ಊಟ ಬಿಟ್ಟು ಮಲಗಿತು. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗಾಗಿ, ಹಲ್ಲಿನ ಬುಡದಲ್ಲಿ ರಕ್ತ ಜಿನುಗುತ್ತಿತ್ತು. ಹೊಟ್ಟೆಯ ಚರ್ಮದ ಮೇಲೆ ನೇರಳೆ ಕಲೆ. ಪಶು ವೈದ್ಯರು ವಿಟಮಿನ್ ಕೆ ಸೂಜಿ ಕೊಟ್ಟು, ವಾರಗಟ್ಟಲೆ ಮಾತ್ರೆ ಬರೆದರು. ಉಳಿಯಿತು. ಮನೆಯವರು ಹೊತ್ತಿಗೆ ಗಮನಿಸಿದ್ದರಿಂದ ಉಳಿಯಿತು. ಗೂಬೆಗೆ ಆ ಅವಕಾಶ ಎಲ್ಲಿದೆ?

ಕೋಳಿಗಳೂ ಚಿಟ್ಟಿಲಿ ಸಿಕ್ಕಿದರೆ ಕುಕ್ಕಿ ನುಂಗುತ್ತವೆ. ವಿಷ ತಿಂದ ಕೋಳಿಯ ಮೊಟ್ಟೆಯಲ್ಲೂ ಈ ಬಗೆಯ ಮದ್ದಿನ ಅಂಶ ಉಳಿಯುತ್ತದೆ. ಪೇಟೆಯ ಕೋಳಿ ಬೇಡ, ಮದ್ದಿಲ್ಲದ್ದು ಬೇಕು ಅಂತಲೇ ನಾಟಿ ಕೋಳಿ, ಗಿರಿರಾಜ ಸಾಕುತ್ತೇವೆ. ಮನೆತನದ ಹಿರಿಯರಾದ ಗುರು ಕಾರೋಣರಿಗೆ ಎಡೆ ಇಡುವುದಕ್ಕೂ ಇದೇ ಕೋಳಿ, ಬಾಣಂತಿಗೆ ಕೊಡುವುದಕ್ಕೂ ಇದೇ ಮೊಟ್ಟೆ.

ಗೂಬೆಯ ಬಗ್ಗೆ ಇನ್ನಷ್ಟು ಹೇಳಬೇಕು. ನಮ್ಮ ಹಳೆಯ ಕಾಫಿ ಗೋದಾಮಿನ ಮಾಡಿನ ಸಂದಿಯಲ್ಲಿ ಕಣಜ ಗೂಬೆಯ ಜೋಡಿ ಇದೆ. ಕೆಳಗಿನ ನೆಲದಲ್ಲಿ ಬೂದು ಬಣ್ಣದ ಉಂಡೆಗಳು ಬಿದ್ದಿರುತ್ತವೆ. ಹೆಬ್ಬೆರಳಿನ ಗಾತ್ರ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಯನ್ನು ಹೀಗೆ ಕಕ್ಕುತ್ತದೆ. ಒಂದನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಒಳಗೆ ಸಣ್ಣ ತಲೆಬುರುಡೆ, ಕಿತ್ತಳೆ ಬಣ್ಣದ ಮುಂಹಲ್ಲು, ಸೂಜಿಯಂಥ ಪಕ್ಕೆಲುಬು. ಮಕ್ಕಳು ಅದನ್ನು ಕಾಗದದ ಮೇಲೆ ಜೋಡಿಸುತ್ತಾರೆ. ಒಂದೇ ಉಂಡೆಯಲ್ಲಿ ಎರಡು ಬುರುಡೆ ಸಿಗುವುದು ಸಾಮಾನ್ಯ. ಗೂಡಿನಲ್ಲಿ ಮರಿ ಇದ್ದಾಗಲಂತೂ ರಾತ್ರಿಯಿಡೀ ಇಲಿ ಹೊತ್ತು ತರುತ್ತವೆ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇದೇ ಕೆಲಸಕ್ಕೆ ಕಣಜ ಗೂಬೆಗೆ ಮರದ ಪೆಟ್ಟಿಗೆ ಕಟ್ಟಿ ಕೊಡುತ್ತಾರೆ. ಇಲ್ಲಿ ಇನ್ನೂ ಗೂಬೆ ಕೂಗಿದರೆ ಸಾವು ಅಂತ ಕಲ್ಲು ಹೊಡೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೇರೆ ಹಾವಿಗೂ ಅಷ್ಟೆ. ಅದಕ್ಕೆ ವಿಷವಿಲ್ಲ, ಬಿಲದೊಳಗೇ ಹೋಗಿ ಇಲಿಯನ್ನು ಮರಿ ಸಮೇತ ನುಂಗುತ್ತದೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಕೋಳಿ ಮರಿಗೆ ಅದರಿಂದಲೂ ಅಪಾಯ ಅನ್ನುವುದು ನಿಜ. ಗೂಡಿಗೆ ಒಳ್ಳೆಯ ಜಾಲರಿ ಇದ್ದರೆ ಅದು ಹೊರಗಿನ ಇಲಿಯನ್ನಷ್ಟೇ ಹಿಡಿಯುತ್ತದೆ.

ಬೆಕ್ಕಿನಿಂದ ಚಿಟ್ಟಿಲಿ, ಎಳೆಯ ಇಲಿ ಕಡಿಮೆಯಾಗುತ್ತವೆ. ದೊಡ್ಡ ಹೆಗ್ಗಣದ ಎದುರು ಹೆಚ್ಚಿನ ಬೆಕ್ಕುಗಳು ಹಿಂದೆ ಸರಿಯುತ್ತವೆ. ಅಂಟಿನ ಹಲಗೆ ಬೇಡವೇ ಬೇಡ. ಇಲಿ ಅದರಲ್ಲಿ ಗಂಟೆಗಟ್ಟಲೆ ನರಳುತ್ತದೆ, ಪುಟ್ಟ ಹಕ್ಕಿ, ಹಲ್ಲಿ, ಕೋಳಿ ಮರಿಯೂ ಸಿಕ್ಕಿಕೊಳ್ಳುತ್ತವೆ.

ಇರುವ ಇಲಿಯನ್ನು ಹಿಡಿಯಲು ಬೋನೇ ಒಳ್ಳೆಯದು. ಕಾಳು ಎತ್ತಿಡಲು ಶುರು ಮಾಡಿದ ಮೇಲೆ ಅವಕ್ಕೆ ಹಸಿವು ಹೆಚ್ಚುತ್ತದೆ, ಬೋನಿನ ಆಸೆಗೆ ಬೇಗ ಬೀಳುತ್ತವೆ. ಆದರೂ ಇಲಿಗೆ ಹೊಸ ವಸ್ತು ಕಂಡರೆ ಭಯ. ಮೊದಲ ಕೆಲವು ರಾತ್ರಿ ಬೋನನ್ನು ಬಿಗಿಯದೆ, ಸುಟ್ಟ ಕೊಬ್ಬರಿ ಚೂರು, ಒಣಮೀನಿನ ತಲೆ ಸುಮ್ನೆ ಇಟ್ಟುಬಿಡಿ. ತಿಂದು ಧೈರ್ಯ ಬಂದ ಮೇಲೆ ಬಿಗಿಯಿರಿ. ಬೂದಿಯಲ್ಲಿ ಕಂಡ ದಾರಿಯಲ್ಲೇ, ಗೋಡೆಗೆ ತಾಗಿಸಿ ಇಡಿ. ಬಡಿಯುವ ಬೋನಾದರೆ ಮೇಲೆ ಕಲ್ಲು ಹೇರಿದ ಪೆಟ್ಟಿಗೆ ಮುಚ್ಚಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕೋಳಿಯ ಕಾಲು ಹೋಗುತ್ತದೆ. ಪಂಜರದಲ್ಲಿ ಹಿಡಿದದ್ದನ್ನು ಪಕ್ಕದವರ ತೋಟಕ್ಕೆ ಬಿಡುವುದು ನ್ಯಾಯವಲ್ಲ. ಅದು ಅವರ ಗೂಡಿಗೆ ಹೋಗುತ್ತದೆ, ಇಲ್ಲವೇ ಮರಳಿ ಬರುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಕಾಫಿ ತೋಟದಲ್ಲಿ ಯಾರೂ ನೆಡದೆ ಸೂಜಿ ಮೆಣಸಿನ ಗಿಡ ಹುಟ್ಟುತ್ತದಲ್ಲ, ಅದನ್ನು ಬಿತ್ತುವುದು ಪಿಕಳಾರದಂಥ ಹಕ್ಕಿಗಳು. ಹಕ್ಕಿಗೆ ಮೆಣಸಿನ ಖಾರ ತಾಗುವುದಿಲ್ಲ. ಇಲಿಗೆ, ನಮಗೆ ತಾಗುವಂತೆಯೇ ತಾಗುತ್ತದೆ. ಕೋಳಿಯೂ ಹಕ್ಕಿಯೇ. ಹಾಗಾಗಿ ಒಣಗಿಸಿ ಪುಡಿ ಮಾಡಿದ ಸೂಜಿ ಮೆಣಸನ್ನು ಮೇವಿಗೆ ಬೆರೆಸಿದರೆ ಕೋಳಿ ನಿಶ್ಚಿಂತೆಯಿಂದ ತಿನ್ನುತ್ತದೆ, ಇಲಿ ಮೂಗು ತಿರುಗಿಸುತ್ತದೆ. ಹೊರದೇಶಗಳಲ್ಲಿ ಅಳಿಲು ತಿನ್ನದ ಹಾಗೆ ಹಕ್ಕಿ ಕಾಳಿಗೆ ಖಾರ ಸೇರಿಸಿ ಮಾರುತ್ತಾರೆ. ಬೇರೆ ಊಟ ಇಲ್ಲದ ಇಲಿ ಖಾರವನ್ನೂ ಸಹಿಸಿಕೊಂಡು ತಿಂದೀತು. ಆದ್ದರಿಂದ ತಟ್ಟೆ ಎತ್ತಿಡುವುದರ ಬದಲಿಗೆ ಇದು ಅಲ್ಲ, ಅದರ ಜೊತೆಗೆ.

ಗೂಡು ಗುಡಿಸುವವರಿಗೆ ಒಂದು ಎಚ್ಚರಿಕೆ. ಇಲಿ ಜ್ವರ ಮಳೆಗಾಲದ ಕಾಯಿಲೆ. ರೋಗಾಣು ಇಲಿಯ ಉಚ್ಚೆಯಲ್ಲಿ ಇರುತ್ತದೆ. ನಿಂತ ನೀರು, ಕೆಸರಿನಲ್ಲಿ ದಿನಗಟ್ಟಲೆ ಬದುಕುತ್ತದೆ. ಕಾಲಿನ ಬಿರುಕು, ಸಣ್ಣ ಗಾಯದಿಂದ ಮೈಗೆ ಸೇರುತ್ತದೆ. ಬರಿಗಾಲಿನಲ್ಲಿ ನಾಟಿ ಗದ್ದೆಗೆ ಇಳಿಯುವವರಿಗೂ, ಕೋಳಿ ಗೂಡಿನ ಗೊಬ್ಬರ ತೆಗೆಯುವವರಿಗೂ ಅಪಾಯ ಒಂದೇ. ಜ್ವರ ಬಂದು, ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು ಇದ್ದರೆ ಕಷಾಯ ಕುಡಿದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಗದ್ದೆಗೆ ಇಳಿದಿದ್ದೆ, ಗೂಡು ಗುಡಿಸಿದ್ದೆ ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬೇಗ ಕೊಟ್ಟರೆ ಸಾಮಾನ್ಯ ಆಂಟಿಬಯೋಟಿಕ್ಕಿನಲ್ಲಿ ವಾಸಿಯಾಗುತ್ತದೆ. ತಡವಾದರೆ ಕಾಮಾಲೆ ಆಗಿ ಕಿಡ್ನಿ ಹೋಗುತ್ತದೆ. ಗೂಡು ಗುಡಿಸುವಾಗ ಗಂಬೂಟು, ಕೈಗವಸು ಹಾಕಿ. ಹಿಕ್ಕೆಯ ಮೇಲೆ ಮೊದಲು ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ನೆನೆದ ಮೇಲೆ ತೆಗೆಯಿರಿ. ಲೈನ್ ಮನೆಗಳಲ್ಲಿ ಕೋಳಿ ಸಾಕುವ ಕೆಲಸದವರಿಗೂ ತೋಟದವರು ಈ ಗಂಬೂಟು, ಕೈಗವಸು ಕೊಡಿಸಬೇಕು.

ಲೈನ್ ಮನೆ ಅಂದಾಗ ನೆನಪಾಯಿತು. ಈ ಕೆಲಸ ಒಂದೇ ಮನೆಯವರು ಮಾಡಿದರೆ ಸಾಲದು. ಇಲಿಗೆ ಬೇಲಿ ಗೊತ್ತಿಲ್ಲ. ನಾವು ಅಕ್ಕಪಕ್ಕದ ಮನೆಯವರು, ಲೈನ್ ಮನೆಯವರು ಮಾತಾಡಿಕೊಂಡಿದ್ದೇವೆ. ಮಳೆ ಹಿಡಿಯುವ ಮುಂಚೆ ಹಲಸಿನ ಹಣ್ಣನ್ನು ದಿನಾ ಆಯ್ದು ಗೊಬ್ಬರ ಗುಂಡಿಗೆ ಹಾಕಿ ಮಣ್ಣು ಮುಚ್ಚುವುದು. ಕುಯ್ಲಿನ ನಂತರ ಹುಲ್ಲಿನ ಮೆದೆಯನ್ನು ಕೋಳಿ ಗೂಡಿನಿಂದ ದೂರ, ಕಂಬದ ಮೇಲೆ ಹಲಗೆ ಹಾಕಿ ಏರಿಸುವುದು. ಪಾಷಾಣ ಯಾರೂ ತರುವುದು ಬೇಡ. ಎಲ್ಲರಿಗೂ ತಗಡಿನ ಡಬ್ಬ ಬೇಕಲ್ಲ ಅಂತ ಕೇಳಿದರು. ಹೊಸದು ಕೊಳ್ಳಬೇಕಾಗಿಲ್ಲ. ಪೇಟೆಯ ಬೇಕರಿ, ಹೋಟೆಲಿನಲ್ಲಿ ಕೇಳಿ. 15 ಕಿಲೋ ಎಣ್ಣೆ, ಡಾಲ್ಡಾ ಖಾಲಿಯಾದ ಡಬ್ಬಗಳನ್ನು ಕಡಿಮೆಗೆ ಕೊಡುತ್ತಾರೆ. ಮೇಲ್ಭಾಗ ಕತ್ತರಿಸಿ, ಅಂಚು ಬಡಿದು, ಬಿಗಿಯಾಗಿ ಕೂರುವ ಮುಚ್ಚಳ ಮಾಡಿಸಿಕೊಂಡರೆ ಒಂದೊಂದರಲ್ಲೂ ಒಂದು ವಾರದ ನುಚ್ಚು ಹಿಡಿಯುತ್ತದೆ.